ಹಲ್ಲು ತಾನೇ, ಸೋಮವಾರ ಬನ್ನಿ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ.

ವಿಷಯ: ಹಲ್ಲು ಮತ್ತು ದವಡೆಯ ತುರ್ತು ಸಂದರ್ಭಗಳನ್ನು ತುರ್ತು ಎಂದೇ ನೋಡುವ ಬಗ್ಗೆ.

ಮಾನ್ಯರೇ,

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಊರಿನವರ ಬಾಯಲ್ಲಿ ಪಿಟಿ ಮೇಷ್ಟ್ರು. ಹತ್ತೊಂಬತ್ತು ವರ್ಷದ ಸರ್ವಿಸ್ ಆಗಿದೆ. ಉಳುಕಿದ ಕಾಲು, ಮುರಿದ ಕೈ, ಬಿಸಿಲಿಗೆ ತಲೆ ಸುತ್ತಿ ಬಿದ್ದ ಮಕ್ಕಳು, ಎಲ್ಲವನ್ನೂ ಮೈದಾನದಲ್ಲಿ ನೋಡಿದ್ದೇನೆ. ಉಳುಕಿಗೆ ಐಸ್, ಮುರಿದ ಕೈಗೆ ಸ್ಕೇಲು ಕಟ್ಟಿ ಆಸ್ಪತ್ರೆ, ತಲೆಸುತ್ತಿಗೆ ನೆರಳು ಮತ್ತು ಓಆರ್‌ಎಸ್. ಇಷ್ಟು ಗೊತ್ತಿತ್ತು. ಹಲ್ಲಿಗೆ ಏಟಾದರೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದೂ ಗೊತ್ತಿರಲಿಲ್ಲ.

ಇದು ದೂರಿನ ಪತ್ರ. ಮೊದಲ ದೂರು ನನ್ನ ಮೇಲೆಯೇ ಇದೆ, ಅದನ್ನು ಹೇಳಿಯೇ ಮುಂದಕ್ಕೆ ಹೋಗುತ್ತೇನೆ.

ಕಳೆದ ಆಗಸ್ಟ್‌ನಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟ ನಡೆಯಿತು. ಶುಕ್ರವಾರ ಮಧ್ಯಾಹ್ನ ಹುಡುಗಿಯರ ಕಬಡ್ಡಿ. ಮ್ಯಾಟ್ ಇಲ್ಲ, ಕೆಂಪು ಮಣ್ಣಿನ ಅಂಕಣ. ನಮ್ಮ ರೈಡರ್ ಒಂಬತ್ತನೇ ಕ್ಲಾಸಿನ ಹುಡುಗಿ. ಬೋನಸ್ ಗೆರೆ ಮುಟ್ಟಿ ವಾಪಸ್ ತಿರುಗುವಾಗ ಎದುರಾಳಿ ಹುಡುಗಿಯೊಬ್ಬಳು ಕಾಲು ಹಿಡಿದಳು. ಇನ್ನೊಬ್ಬಳು ಮೇಲೆ ಬಿದ್ದಳು. ಅವಳ ಮೊಣಕಾಲು ನೇರವಾಗಿ ಇವಳ ಬಾಯಿಗೆ ಬಡಿಯಿತು. ಎದ್ದಾಗ ತುಟಿ ಸೀಳಿತ್ತು, ಜರ್ಸಿ ಮೇಲೆ ರಕ್ತ. ಮುಂದಿನ ಮೇಲಿನ ಹಲ್ಲೊಂದರ ಜಾಗ ಖಾಲಿ.

ಹಲ್ಲು ಹುಡುಕಿಕೊಟ್ಟಿದ್ದು ಗೆರೆ ಆಚೆ ಕೂತು ನೋಡುತ್ತಿದ್ದ ಆರನೇ ಕ್ಲಾಸಿನ ಪುಟ್ಟ ಹುಡುಗ. "ಸಾರ್, ಸಾರ್, ಹಲ್ಲು ಇಲ್ಲೈತೆ" ಅಂತ ಅಂಗೈಯಲ್ಲಿ ಹಿಡಿದುಕೊಂಡು ಓಡಿ ಬಂದ. ಹಲ್ಲು ಅಂದರೆ ಕನ್ನಡಿಯಲ್ಲಿ ಕಾಣುವಷ್ಟೇ ಅಂತ ನಾವು ಅಂದುಕೊಂಡಿರುತ್ತೇವೆ. ಬೇರು ಸೇರಿದರೆ ಅದು ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಇರುತ್ತದೆ. ಮುರಿದಿರಲಿಲ್ಲ. ಇಡಿಯಾಗಿ ಕಿತ್ತು ಬಂದಿತ್ತು. ಬೇರಿನ ಮೇಲೆ ಮಣ್ಣು, ಅದರ ಕೆಳಗೆ ತಿಳಿಗೆಂಪು ಬಣ್ಣದ ತೆಳುವಾದ ಪೊರೆ.

ನಾನು ಅದನ್ನು ನಲ್ಲಿ ಕೆಳಗೆ ಹಿಡಿದೆ. ಮಣ್ಣು ಹೋಯಿತು. ಪೊರೆ ಹೋಗಲಿಲ್ಲ. ಕೊಳೆ ಅಂದುಕೊಂಡೆ. ಹೆಬ್ಬೆರಳ ಉಗುರಿನಿಂದ ಕೆರೆದು ಕೆರೆದು ಬೆಳ್ಳಗೆ ಮಾಡಿದೆ. ಆಮೇಲೆ ಒಗೆದ ಕರ್ಚೀಫಿನಲ್ಲಿ ಸುತ್ತಿ ಶರ್ಟಿನ ಜೇಬಿಗೆ ಹಾಕಿದೆ. ಎಷ್ಟು ಜೋಪಾನ ಮಾಡಿದೆ ಅಂತ ಮನಸ್ಸಿನಲ್ಲೇ ಸ್ವಲ್ಪ ಹೆಮ್ಮೆಯೂ ಪಟ್ಟೆ.

ಬೈಕಿನಲ್ಲಿ ತಾಲ್ಲೂಕು ಆಸ್ಪತ್ರೆ ಸೇರುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಡ್ಯೂಟಿ ಡಾಕ್ಟರು ಒಳ್ಳೆಯವರು. ತುಟಿಗೆ ಎರಡು ಹೊಲಿಗೆ ಹಾಕಿದರು, ಟಿಟಿ ಕೊಟ್ಟರು, ಹುಡುಗಿಗೆ ಸಮಾಧಾನ ಹೇಳಿದರು. ನಾನು ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿದೆ. ಒಂದು ಸಲ ನೋಡಿದರು. "ಇದನ್ನ ಯಾಕೆ ತಂದ್ರಿ ಮೇಷ್ಟ್ರೇ? ಹಲ್ಲು ತಾನೇ. ಡೆಂಟಿಸ್ಟ್ ಸೋಮವಾರ ಬರ್ತಾರೆ, ಆಗ ಬನ್ನಿ" ಅಂದರು. ಪಕ್ಕದ ಬೆಡ್ಡಿನಲ್ಲಿ ಹಾವು ಕಚ್ಚಿದವರೊಬ್ಬರು ಇದ್ದರು. ಡಾಕ್ಟರಿಗೆ ಅಲ್ಲಿ ಕೆಲಸ ಇತ್ತು. ನಾನು ವಾದ ಮಾಡಲಿಲ್ಲ. ಕಾರಿಡಾರಿನ ಕೊನೆಯಲ್ಲಿ 'ದಂತ ವಿಭಾಗ' ಅಂತ ಬೋರ್ಡು, ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಹಲ್ಲಿನ ಕುರ್ಚಿಗೆ ಪ್ಲಾಸ್ಟಿಕ್ ಹೊದಿಸಿದ್ದು ಕಾಣುತ್ತಿತ್ತು.

ಸೋಮವಾರ ಹುಡುಗಿಯನ್ನೂ ಅವಳ ಅಮ್ಮನನ್ನೂ ಕರೆದುಕೊಂಡು ಹೋದೆ. ಡೆಂಟಿಸ್ಟ್ ಮೇಡಂ ಕರ್ಚೀಫು ಬಿಚ್ಚಿದರು. ಹಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇದನ್ನ ಉಜ್ಜಿದ್ರಾ?"

"ಹೌದು ಮೇಡಂ, ಚೆನ್ನಾಗಿ ಉಜ್ಜಿ ತೊಳೆದೆ."

ಅವರು ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲೇ ಬರೆಯುತ್ತೇನೆ. ನಾನು ಕೊಳೆ ಅಂತ ಕೆರೆದ ಆ ಪೊರೆಯಲ್ಲೇ ಹಲ್ಲಿನ ಜೀವ ಇರುವುದು. ಹಲ್ಲನ್ನು ದವಡೆಯ ಮೂಳೆಗೆ ಹಿಡಿದಿಡುವ ನಾರುಗಳು, ಅವುಗಳ ಜೀವಕೋಶಗಳು ಬೇರಿನ ಮೇಲೆ ಅಂಟಿಕೊಂಡು ಬಂದಿರುತ್ತವೆ. ಅವು ಬದುಕಿರುವಾಗ ಹಲ್ಲನ್ನು ಗೂಡಿಗೆ ವಾಪಸ್ ಕೂರಿಸಿದರೆ ಮತ್ತೆ ಹಿಡಿದುಕೊಳ್ಳುತ್ತವೆ. ಗಾಳಿಗೆ ಒಣಗಿದರೆ ಸಾಯುತ್ತವೆ. ಕಾಲು ಗಂಟೆಯೊಳಗೆ ಕೂರಿಸಿದರೆ ಉಳಿಯುವ ಆಸೆ ಜಾಸ್ತಿ. ಒಂದು ಗಂಟೆ ಒಣಗಿಬಿಟ್ಟರೆ ಆ ಕೋಶಗಳು ಹೆಚ್ಚುಕಡಿಮೆ ಮುಗಿದ ಹಾಗೆ. ಆಮೇಲೆ ಕೂರಿಸಿದರೂ ಬೇರು ವರ್ಷಗಳಲ್ಲಿ ನಿಧಾನಕ್ಕೆ ಕರಗುತ್ತಾ ಹೋಗುತ್ತದೆ. ನಮ್ಮ ಹುಡುಗಿಯ ಹಲ್ಲು ಒಣಗಿದ್ದು ಮೂರು ದಿನ. ನನ್ನ ಜೇಬಿನಲ್ಲಿ, ಮತ್ತೆ ಅವಳ ಮನೆಯ ದೇವರ ಗೂಡಿನಲ್ಲಿ.

ಮಾಡಬೇಕಾಗಿದ್ದು ಇಷ್ಟೇ ಸ್ವಾಮಿ. ಹಲ್ಲನ್ನು ಬಿಳಿ ಭಾಗದಲ್ಲಿ ಹಿಡಿಯಬೇಕು, ಬೇರು ಮುಟ್ಟಬಾರದು. ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನಿನಲ್ಲೋ ಒಂದು ಸಲ ಅದ್ದಿ ತೆಗೆಯಬೇಕು. ಉಜ್ಜಬಾರದು, ಸೋಪು ಹಾಕಬಾರದು. ಮಗುವಿಗೆ ಎಚ್ಚರ ಇದ್ದರೆ ಅಲ್ಲೇ, ಮೈದಾನದಲ್ಲೇ, ಆ ಗೂಡಿಗೆ ಮೆಲ್ಲಗೆ ಕೂರಿಸಿ ಕರ್ಚೀಫನ್ನು ಕಚ್ಚಿ ಹಿಡಿಯಲು ಹೇಳಬೇಕು. ಅಷ್ಟು ಧೈರ್ಯ ಇಲ್ಲದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿಟ್ಟು ಓಡಬೇಕು. ಹಾಲಿಲ್ಲದಿದ್ದರೆ ಮಗುವಿನ ಉಗುಳಿನಲ್ಲೇ, ಅದೂ ಇಲ್ಲದಿದ್ದರೆ ಸಲೈನ್. ನೀರು ಒಳ್ಳೆಯದಲ್ಲ, ಆದರೂ ಒಣಗಿಸುವುದಕ್ಕಿಂತ ವಾಸಿ. ಇದು ಒಬ್ಬ ಡಾಕ್ಟರಮ್ಮನ ಅಭಿಪ್ರಾಯ ಅಂದುಕೊಳ್ಳಬೇಡಿ. ಹಲ್ಲಿನ ಗಾಯಗಳಿಗಾಗಿಯೇ ಇರುವ ಅಂತಾರಾಷ್ಟ್ರೀಯ ತಜ್ಞರ ಸಂಘ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಇರುವುದೂ ಇದೇ. ನಮ್ಮ ದೇಶದಲ್ಲಿ ಎಳನೀರಿನಲ್ಲಿ ಇಟ್ಟರೆ ಹೇಗೆ ಅಂತಲೂ ಸಂಶೋಧನೆ ಮಾಡಿದ್ದಾರಂತೆ. ತಿಪಟೂರು ಕಡೆಯವರಿಗೆ ಖುಷಿಯಾಗುವ ವಿಷಯ. ಮಾರ್ಗಸೂಚಿ ಮಾತ್ರ ಮೊದಲು ಹೇಳುವುದು ಹಾಲನ್ನೇ.

ಹಾಲು! ಶಾಲೆಯ ಗೇಟಿನ ಎದುರಿನ ಅಂಗಡಿಯ ಫ್ರಿಜ್ಜಿನಲ್ಲಿ ನಂದಿನಿ ಪ್ಯಾಕೆಟ್ ಇತ್ತು. ಇಪ್ಪತ್ತು ಹೆಜ್ಜೆ. 2013ರಿಂದ ಕ್ಷೀರಭಾಗ್ಯದಲ್ಲಿ ಮಕ್ಕಳಿಗೆ ಹಾಲು ಕೊಡುತ್ತಿರುವ ರಾಜ್ಯ ನಮ್ಮದು. ಹಾಲಿನ ಲೋಟ ತೊಳೆಯುವ ನಲ್ಲಿಯಲ್ಲೇ ನಾನು ಆ ಹಲ್ಲನ್ನು ಉಜ್ಜಿದ್ದು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ನಮ್ಮಲ್ಲಿ ಬಿದ್ದ ಹಲ್ಲನ್ನು ಎಸೆಯುವುದೇ ರೂಢಿ. ನಾನು ಸಣ್ಣವನಿದ್ದಾಗ ಹಾಲುಹಲ್ಲು ಬಿದ್ದರೆ ಅಜ್ಜಿ ಸಗಣಿ ಉಂಡೆಯೊಳಗೆ ಇಟ್ಟು ಹೆಂಚಿನ ಮೇಲೆ ಎಸೆಯಲು ಹೇಳುತ್ತಿದ್ದಳು. ಚೆಂದದ ಪದ್ಧತಿ. ಹಾಲುಹಲ್ಲಿನ ಮಟ್ಟಿಗೆ ತಪ್ಪೂ ಅಲ್ಲ. ಸಣ್ಣ ಮಕ್ಕಳ ಹಾಲುಹಲ್ಲು ಏಟಿಗೆ ಕಿತ್ತು ಬಂದರೆ ವಾಪಸ್ ಕೂರಿಸಬಾರದು, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಏಟಾಗುತ್ತದೆ ಅಂತಲೇ ವೈದ್ಯರೂ ಹೇಳುತ್ತಾರೆ. ಆದರೆ ಆರೇಳು ವರ್ಷದ ಮೇಲೆ ಮುಂದಿನ ಹಲ್ಲು ಹುಟ್ಟಿತು ಅಂದರೆ ಅದು ಕೊನೆಯ ಹಲ್ಲು. ಅದನ್ನೂ ನಾವು ಹೆಂಚಿನ ಮೇಲೆ ಎಸೆಯುವ ಮನಸ್ಸಿನಲ್ಲೇ ನೋಡುತ್ತೇವೆ. 'ಹಲ್ಲು ತಾನೇ' ಅನ್ನುವ ಮಾತು ಆ ಡಾಕ್ಟರೊಬ್ಬರದ್ದಲ್ಲ, ನಮ್ಮೆಲ್ಲರದ್ದು.

ಮಾನ್ಯರೇ, ಒಂದು ಹುಡುಗಿಯ ಒಂದು ಹಲ್ಲಿಗೆ ಇಷ್ಟುದ್ದ ಪತ್ರವೇ ಅಂತ ನಿಮಗೆ ಅನ್ನಿಸಬಹುದು. ಇದಕ್ಕೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲವೋ ಏನೋ. ನಾಲ್ಕು ತಿಂಗಳ ಮೇಲೆ ಅದೇ ಕಾರಿಡಾರಿನಲ್ಲಿ, ಅದೇ ಬೀಗದ ಎದುರು, ಮತ್ತೆ ನಿಂತುಕೊಳ್ಳಬೇಕಾಯಿತು.

ಈ ಸಲ ನನ್ನ ಹೆಂಡತಿಯ ತಮ್ಮ. ಗೂಡ್ಸ್ ಆಟೋ ಓಡಿಸುತ್ತಾನೆ. ಶುಗರ್ ಇದೆ, ಮಾತ್ರೆ ನುಂಗಿದರೆ ನುಂಗಿದ, ಇಲ್ಲದಿದ್ದರೆ ಇಲ್ಲ. ಕೆಳಗಿನ ಕೊನೆಯ ಹಲ್ಲು ಬಹಳ ದಿನದಿಂದ ಹುಳುಕಾಗಿತ್ತು. ಬುಧವಾರ ನೋವು ಶುರು. ಲವಂಗ ಇಟ್ಟ. ಗುರುವಾರ ಮೆಡಿಕಲ್ ಶಾಪಿನಲ್ಲಿ ಹಲ್ಲುನೋವು ಅಂದ. ಚೀಟಿ ಕೇಳದೆ ಮೂರು ಬಣ್ಣದ ಮಾತ್ರೆಗಳನ್ನು ಸಣ್ಣ ಕವರಿಗೆ ಹಾಕಿ ಕೊಟ್ಟರು. ಶುಕ್ರವಾರ ಕೆನ್ನೆ ಊದಿತು. ಮನೆಯಲ್ಲಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟರು. ಸಂಜೆಗೆ ನೋವು ಇಳಿಯಿತು. "ಭಾವ, ಆರಾಮಾಯ್ತು" ಅಂತ ನನಗೇ ಫೋನ್ ಮಾಡಿ ಹೇಳಿದ. ನೋವು ಇಳಿದಿದ್ದು ಹಲ್ಲಿನ ನರ ಸತ್ತಿದ್ದಕ್ಕೆ, ಕೀವು ಮೂಳೆ ದಾಟಿ ಹೊರಗೆ ದಾರಿ ಮಾಡಿಕೊಂಡಿದ್ದಕ್ಕೆ ಅಂತ ಯಾರಿಗೆ ಗೊತ್ತು?

ಶನಿವಾರ ಬಾವು ಕೆನ್ನೆಯಿಂದ ದವಡೆಯ ಕೆಳಕ್ಕೆ ಇಳಿಯಿತು. ಜ್ವರ ಬಂತು. ರಾತ್ರಿ ಎಂಟಕ್ಕೆ ತಾಲ್ಲೂಕು ಆಸ್ಪತ್ರೆಗೆ ಹೋದರು. ಡ್ಯೂಟಿಯಲ್ಲಿ ಬೇರೆ ಡಾಕ್ಟರು. ಮಾತು ಮಾತ್ರ ಅದೇ. ಹಲ್ಲಿನ ಡಾಕ್ಟರು ಸೋಮವಾರ ಬರುತ್ತಾರೆ. ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು.

ರಾತ್ರಿ ಒಂದು ಗಂಟೆಗೆ ಅವನ ಹೆಂಡತಿಯ ಫೋನು. "ಅಣ್ಣಾ, ಇವರು ಮಲಗ್ತಾನೇ ಇಲ್ಲ." ಹೋಗಿ ನೋಡಿದೆ. ಮಂಚದ ತುದಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಎದೆ ಮೇಲೆ ಟವೆಲ್ಲು, ಅದು ಪೂರ್ತಿ ನೆನೆದಿತ್ತು. ಜೊಲ್ಲು ನುಂಗಲು ಆಗುತ್ತಿರಲಿಲ್ಲ. ಬಾಯಿ ಒಂದು ಬೆರಳು ತೂರುವಷ್ಟೂ ತೆರೆಯುತ್ತಿಲ್ಲ. ನಾಲಿಗೆ ಮೇಲಕ್ಕೆ ಎದ್ದು ಹಲ್ಲುಗಳ ನಡುವೆ ಬಂದಿತ್ತು. ಗದ್ದದ ಕೆಳಗೆ ಎರಡೂ ಕಡೆ ಊತ, ಮುಟ್ಟಿದರೆ ಮರದ ಹಲಗೆ ಮುಟ್ಟಿದಂತೆ ಗಟ್ಟಿ. ಏನೋ ಹೇಳಿದ. ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡವರ ಹಾಗೆ ಕೇಳಿಸಿತು. ಮಲಗಿಸಲು ಹೋದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದ.

ಅಕ್ಕಪಕ್ಕದವರ ಕಾರು ಕೇಳಿ ಜಿಲ್ಲಾ ಕೇಂದ್ರಕ್ಕೆ ಹೊರಟೆವು. ಒಂದೂವರೆ ಗಂಟೆ ದಾರಿ. ಅವನು ಪೂರ್ತಿ ದಾರಿ ಮುಂದಿನ ಸೀಟಿಗೆ ಹಣೆ ಕೊಟ್ಟು ಕೂತಿದ್ದ. ಅಲ್ಲಿ ದೊಡ್ಡಾಸ್ಪತ್ರೆಯಲ್ಲಿ ಗದ್ದದ ಕೆಳಗೆ ಕೊಯ್ದು ಕೀವು ತೆಗೆದರು, ಉಸಿರಿಗೆ ಗಂಟಲಲ್ಲಿ ಪೈಪು ಹಾಕಿದರು, ಆ ಹಲ್ಲು ಕಿತ್ತರು. ಆರು ದಿನ ಐಸಿಯು. ಅವನ ಹೆಂಡತಿಯ ಓಲೆ ಅಡವಿಗೆ ಹೋಯಿತು. ಜೀವ ಉಳಿಯಿತು.

ಅಲ್ಲಿನ ಡಾಕ್ಟರು ಇದಕ್ಕೆ ಲುಡ್ವಿಗ್ಸ್ ಅಂಜೈನಾ ಅನ್ನುತ್ತಾರೆ ಅಂದರು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲೇ ಇದನ್ನು ವಿವರಿಸಿ ಬರೆದಿದ್ದನಂತೆ. ಬಹುಪಾಲು ಬರುವುದೇ ಕೆಳದವಡೆಯ ಹಿಂದಿನ ಹಲ್ಲುಗಳ ಸೋಂಕಿನಿಂದ. ನಾಲಿಗೆಯ ಕೆಳಗಿನ ಜಾಗದಲ್ಲಿ ಊತ ತುಂಬಿ, ನಾಲಿಗೆ ಮೇಲಕ್ಕೆ ಹಿಂದಕ್ಕೆ ಸರಿದು, ಉಸಿರಿನ ದಾರಿ ಮುಚ್ಚುತ್ತದೆ. ಶುಗರ್ ಇದ್ದವರಿಗೆ ಇನ್ನೂ ಬೇಗ. ಸುಮಾರು ಇನ್ನೂರು ವರ್ಷದಿಂದ ಪುಸ್ತಕದಲ್ಲಿರುವ ಕಾಯಿಲೆ ಶನಿವಾರ ರಾತ್ರಿ ಎಂಟು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿತ್ತು. ಅದಕ್ಕೆ ಸೋಮವಾರ ಬಾ ಅಂದರು.

ನಾನು ಆ ಡಾಕ್ಟರುಗಳನ್ನು ವೈಯಕ್ತಿಕವಾಗಿ ದೂರುತ್ತಿಲ್ಲ. ಆಸ್ಪತ್ರೆಯ ಹೆಸರನ್ನೂ ಬೇಕೆಂದೇ ಬರೆದಿಲ್ಲ. ಹೆಸರು ಬರೆದರೆ ಒಬ್ಬರಿಗೆ ನೋಟಿಸ್ ಹೋಗುತ್ತದೆ, ಅಲ್ಲಿಗೆ ಫೈಲು ಮುಗಿಯುತ್ತದೆ. ಒಬ್ಬರೇ ಡ್ಯೂಟಿ ಡಾಕ್ಟರು ಹೆರಿಗೆ, ಆಕ್ಸಿಡೆಂಟು, ಹಾವು, ವಿಷ ಎಲ್ಲವನ್ನೂ ನೋಡಬೇಕು. ಅವರ ಓದಿನಲ್ಲಿ ಹಲ್ಲಿಗೆ ಎಷ್ಟು ಜಾಗ ಇತ್ತೋ. ನನ್ನ ದೂರು ಇರುವುದು ಹಲ್ಲನ್ನು ಮೈಯಿಂದ ಬೇರೆ ಮಾಡಿ, ಅದಕ್ಕೊಂದು ಕೋಣೆ ಕೊಟ್ಟು, ಆ ಕೋಣೆಗೆ ಬೀಗ ಹಾಕಿದ ವ್ಯವಸ್ಥೆಯ ಮೇಲೆ. ಎದೆನೋವು ಅಂದರೆ ಎಲ್ಲರೂ ಓಡುತ್ತಾರೆ. ಹಲ್ಲು ಅಂದ ತಕ್ಷಣ ಕೈ ಬಾಗಿಲ ಕಡೆ ತೋರಿಸುತ್ತದೆ. ಅಂದ ಹಾಗೆ, ಎಡ ದವಡೆಯ ನೋವು ಕೆಲವೊಮ್ಮೆ ಹೃದಯಾಘಾತದ್ದೇ ಆಗಿರುತ್ತದೆ. ಅದನ್ನೂ ಹಲ್ಲುನೋವು ಅಂತ ಸೋಮವಾರಕ್ಕೆ ಕಳಿಸಿದರೆ?

ಜನರ ಕಡೆಯ ತಪ್ಪನ್ನೂ ಮುಚ್ಚಿಡುವುದಿಲ್ಲ. ಹಲ್ಲುನೋವಿಗೆ ನಮ್ಮೂರಿನಲ್ಲಿ ಇಲ್ಲದ ಔಷಧಿ ಇಲ್ಲ. ಹೊಗೆಸೊಪ್ಪು ಇಡುತ್ತಾರೆ, ನಶ್ಯ ತುಂಬುತ್ತಾರೆ, ಎಕ್ಕದ ಹಾಲು ಬಿಟ್ಟು ವಸಡು ಸುಟ್ಟುಕೊಳ್ಳುತ್ತಾರೆ. ನೋವಿನ ಮಾತ್ರೆಯನ್ನೇ ಪುಡಿ ಮಾಡಿ ಹಲ್ಲಿನ ತೂತಿಗೆ ಒತ್ತುವವರೂ ಇದ್ದಾರೆ, ಅದೂ ವಸಡು ಸುಡುತ್ತದೆ. ನೆಲಗುಳ್ಳದ ಬೀಜದ ಹೊಗೆ ಹಾಕಿ ಹಲ್ಲಿನ ಹುಳ ತೆಗೆಯುವ ಆಟ ಇನ್ನೂ ಜಾತ್ರೆಗಳಲ್ಲಿ ನಡೆಯುತ್ತದೆ. ಹಲ್ಲಿನಲ್ಲಿ ಹುಳ ಇರುವುದೇ ಇಲ್ಲ, ಬೀಳುವುದು ಬೀಜದೊಳಗಿನ ಚೂರು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅಂತ ನಮ್ಮ ಸ್ಟಾಫ್ ರೂಮಿನಲ್ಲೇ, ಬಿಎಡ್ ಮಾಡಿದವರೇ, ನನಗೆ ಹೇಳಿದ್ದಾರೆ. ಈ ಭಯದಲ್ಲಿ ತಿಂಗಳುಗಟ್ಟಲೆ ಮುಂದೂಡುತ್ತಾರೆ. ಕೊನೆಗೆ ಆಸ್ಪತ್ರೆಗೆ ಬರುವುದೇ ರಾತ್ರಿ. ಆ ರಾತ್ರಿ ಬಂದವರನ್ನೂ ವಾಪಸ್ ಕಳಿಸಿದರೆ ಮುಂದಿನ ಸಲ ಅವರು ಹೊಗೆ ಹಾಕುವವನ ಹತ್ತಿರವೇ ಹೋಗುತ್ತಾರೆ.

ರಾಜ್ಯಕ್ಕೆ ಹಲ್ಲಿನ ಬಗ್ಗೆ ಕಾಳಜಿಯೇ ಇಲ್ಲ ಅಂತ ನಾನು ಹೇಳಲಾರೆ. ದೇಶದಲ್ಲಿ ದಂತ ವೈದ್ಯ ಕಾಲೇಜುಗಳು ಅತಿ ಹೆಚ್ಚು ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದ್ದು. ಬಳ್ಳಾರಿಯಲ್ಲೂ ಸರ್ಕಾರಿ ಕಾಲೇಜಿದೆ. ಮಣಿಪಾಲ, ಮಂಗಳೂರು, ದಾವಣಗೆರೆ, ಧಾರವಾಡ ಅಂತ ಖಾಸಗಿಯವು ಸಾಲಾಗಿ ಇವೆ. ದಂತಭಾಗ್ಯದಲ್ಲಿ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಟ್ಟಿದ್ದೀರಿ. ನನ್ನ ಸೋದರತ್ತೆಯೇ ಆ ಸೆಟ್ ಹಾಕಿಕೊಂಡು ಮತ್ತೆ ರೊಟ್ಟಿ ತಿಂದರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಹುಳುಕು ಹಲ್ಲು ನೋಡಿ ಚೀಟಿ ಬರೆಯುತ್ತದೆ. ಮಾರ್ಚ್ 20ಕ್ಕೆ ಬಾಯಿ ಆರೋಗ್ಯ ದಿನ, ಬ್ರಷ್ ಹಿಡಿದ ಮಗುವಿನ ಪೋಸ್ಟರು. ಎಲ್ಲ ಸರಿ. ಹಲ್ಲು ಹೋಗುವ ಮೊದಲು ಏನು ಮಾಡಬೇಕು ಅಂತ ಹೇಳಿದ್ದೀರಿ. ಎಲ್ಲ ಹಲ್ಲು ಹೋದ ಮೇಲೆ ಏನು ಕೊಡುತ್ತೀರಿ ಅಂತಲೂ ಹೇಳಿದ್ದೀರಿ. ಹಲ್ಲು ಹೋಗುತ್ತಿರುವ ಆ ಒಂದು ಗಂಟೆಯ ಬಗ್ಗೆ ಮಾತ್ರ ಯಾವ ಪೋಸ್ಟರೂ ಇಲ್ಲ.

ಹಾಗಾಗಿ ನನ್ನ ಬೇಡಿಕೆಗಳು. ಹೊಸ ಕಟ್ಟಡ ಕೇಳುವುದಿಲ್ಲ, ಹೊಸ ಯೋಜನೆಗೆ ಹೊಸ ಹೆಸರೂ ಬೇಡ.

ಮೊದಲನೆಯದು ಆಸ್ಪತ್ರೆಗೆ. ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳ ಡ್ಯೂಟಿ ಡಾಕ್ಟರು ಮತ್ತು ನರ್ಸುಗಳಿಗೆ ಅರ್ಧ ದಿನದ ತರಬೇತಿ ಕೊಡಿಸಿ. ಕಿತ್ತ ಹಲ್ಲನ್ನು ಗೂಡಿಗೆ ಕೂರಿಸಿ, ಮರುದಿನದವರೆಗೆ ಅಲುಗಾಡದಂತೆ ಹಿಡಿದಿಡುವುದು ಕಲಿಯಲಾಗದ ವಿದ್ಯೆ ಅಲ್ಲ. ಆಮೇಲೆ ಪಕ್ಕದ ಹಲ್ಲುಗಳಿಗೆ ತೆಳು ತಂತಿ ಅಂಟಿಸಿ ಎರಡು ವಾರ ಇಡುವುದು, ಬೇರಿನ ಚಿಕಿತ್ಸೆ, ಅದನ್ನೆಲ್ಲ ಡೆಂಟಿಸ್ಟ್ ಸೋಮವಾರ ನೋಡಲಿ. ಬಾವಿನ ವಿಷಯಕ್ಕೆ ಒಂದು ಕಟ್ಟುನಿಟ್ಟಿನ ಆದೇಶ ಬೇಕು. ದವಡೆ ಕೆಳಗೆ ಅಥವಾ ಕಣ್ಣಿನ ಹತ್ತಿರ ಊತ, ಬಾಯಿ ತೆರೆಯಲು ಆಗದಿರುವುದು, ಜೊಲ್ಲು ನುಂಗಲು ಆಗದಿರುವುದು, ಮಾತು ಬದಲಾಗಿರುವುದು, ಜ್ವರ, ಉಸಿರಿಗೆ ತೊಂದರೆ. ಇವುಗಳಲ್ಲಿ ಒಂದಿದ್ದರೂ ಹಲ್ಲುನೋವು ಅಂತ ಬರೆದು ಮನೆಗೆ ಕಳಿಸಬಾರದು. ಅಲ್ಲಿ ಆಗದಿದ್ದರೆ ಆಂಬುಲೆನ್ಸ್ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಹಲ್ಲು ಕೀಳಿಸಿದ ಮೇಲೆ ಬಟ್ಟೆ ಅರ್ಧ ಗಂಟೆ ಒತ್ತಿ ಕಚ್ಚಿದರೂ ರಕ್ತ ನಿಲ್ಲದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಬೈಕಿನಿಂದ ಬಿದ್ದು ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ಕೂಡದವರು, ಇವರೂ ಆ ಪಟ್ಟಿಯಲ್ಲೇ ಬರಲಿ. ಅರ್ಧ ಹೆಲ್ಮೆಟ್ಟಿನ ನಾಡಿನಲ್ಲಿ ದವಡೆ ಮುರಿದವರಿಗೇನು ಬರ.

ಪ್ರತಿ ತಾಲ್ಲೂಕಿನ ಡೆಂಟಿಸ್ಟ್ ಎಲ್ಲ ರಾತ್ರಿಯೂ ಇರಲಿ ಅಂತ ನಾನು ಕೇಳುವುದಿಲ್ಲ, ಅವರಿಗೂ ಮನೆ ಇದೆ. ಆದರೆ ಶನಿವಾರ ರಾತ್ರಿ ಡ್ಯೂಟಿ ಡಾಕ್ಟರು ಫೋನ್ ಮಾಡಿ ಕೇಳಲು ಒಂದು ನಂಬರಾದರೂ ಬೇಡವಾ? ಹತ್ತಿರದ ದಂತ ಕಾಲೇಜಿನ ಬಾಯಿ-ದವಡೆ ಶಸ್ತ್ರಚಿಕಿತ್ಸೆ ವಿಭಾಗವನ್ನು ಸುತ್ತಲಿನ ತಾಲ್ಲೂಕುಗಳಿಗೆ ಜೋಡಿಸಿ. ಫೋಟೋ ಕಳಿಸಿದರೆ ನೋಡಿ ಹೇಳುತ್ತಾರೆ. 104 ಸಹಾಯವಾಣಿಯಲ್ಲಿ ಕೂತವರಿಗೂ ಇದೇ ಪ್ರಶ್ನೆಗಳನ್ನು ಬರೆದುಕೊಡಿ, ಹಲ್ಲು ಅಂತ ಯಾರಾದರೂ ಫೋನ್ ಮಾಡಿದರೆ ಅವರೇ ಕೇಳಲಿ: ನುಂಗಲು ಆಗುತ್ತಾ? ಮಲಗಲು ಆಗುತ್ತಾ? ಊತ ಎಲ್ಲಿದೆ?

ಶಾಲೆಗೆ ನಾನು ಕೇಳುವುದು ಒಂದು ಹಾಳೆ ಮತ್ತು ಹಾಲು ಹಾಕಲು ಒಂದು ಡಬ್ಬಿ. ಹಾಳೆಯಲ್ಲಿ ನಾಲ್ಕು ಚಿತ್ರ ಸಾಕು: ಬಿಳಿ ಭಾಗದಲ್ಲಿ ಹಿಡಿ, ಉಜ್ಜಬೇಡ, ಕೂರಿಸು ಇಲ್ಲವೇ ಹಾಲಿಗೆ ಹಾಕು, ಓಡು. ಅದು ಆಫೀಸ್ ಗೋಡೆಯಲ್ಲಿ ಅಲ್ಲ, ನಲ್ಲಿಯ ಮೇಲೆ ಇರಬೇಕು. ಯಾಕೆ ಅಂತ ನಿಮಗೆ ಈಗ ಗೊತ್ತು. ದೈಹಿಕ ಶಿಕ್ಷಕರ ತರಬೇತಿಯಲ್ಲಿ ಪ್ರಥಮ ಚಿಕಿತ್ಸೆಗೆ ಕೊಡುವ ಸಮಯದಲ್ಲಿ ಹತ್ತು ನಿಮಿಷ ಹಲ್ಲಿಗೆ ಬರಲಿ. ಕ್ರೀಡಾಕೂಟದ ಖರ್ಚಿನಲ್ಲಿ ಹೂವಿನ ಹಾರಕ್ಕೆ ಬಿಲ್ ಪಾಸ್ ಆಗುತ್ತದೆ. ಅರ್ಧ ಲೀಟರ್ ಹಾಲಿಗೂ ಆಗಲಿ.

ಮೆಡಿಕಲ್ ಶಾಪುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಡಬಾರದು ಅಂತ ಕಾನೂನು ಇದೆ, ಅದನ್ನು ಜಾರಿ ಮಾಡುವುದು ನಿಮ್ಮ ಇಲಾಖೆಗೆ ಬಿಟ್ಟಿದ್ದು. ಕೌಂಟರಿನ ಮೇಲೆ ಒಂದು ಸಾಲಿನ ಬೋರ್ಡಾದರೂ ಹಾಕಿಸಿ: ಮುಖ ಊದಿದ್ದರೆ ಮಾತ್ರೆ ಕೇಳಬೇಡಿ, ಆಸ್ಪತ್ರೆಗೆ ಹೋಗಿ. ಬಾವಿಗೆ ಬಿಸಿ ಶಾಖ ಕೊಡಬೇಡಿ ಅನ್ನುವುದನ್ನು ಆಶಾ ಕಾರ್ಯಕರ್ತೆಯರ ಬಾಯಿಂದ ಹೇಳಿಸಿ. ಅವರು ಹೇಳಿದರೆ ಹೆಂಗಸರು ಕೇಳುತ್ತಾರೆ. ನಾನು ಹೇಳಿದರೆ ಮೇಷ್ಟ್ರು ಸುಮ್ನೆ ಹೇಳ್ತಾರೆ ಅಂತಾರೆ.

ನಮ್ಮ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ದವಡೆ ಬೆಳೆದು ನಿಲ್ಲುವವರೆಗೆ ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸುವ ಕೃತಕ ಹಲ್ಲು, ಹಾಕುವಂತಿಲ್ಲ, ಅದಕ್ಕೆ ಇನ್ನೂ ಕೆಲವು ವರ್ಷ ಕಾಯಬೇಕು. ಆಗಲೂ ಆ ದುಡ್ಡು ಅವಳ ಅಮ್ಮನ ಕೂಲಿಯಲ್ಲಿ ಹೊಂದುವುದು ಕಷ್ಟ. ಸದ್ಯಕ್ಕೆ ಹಾಕಿ ತೆಗೆಯುವ ಒಂದು ಹಲ್ಲಿನ ಪ್ಲೇಟು ಮಾಡಿಸಿದ್ದೇವೆ. ಮೊದಲ ಒಂದು ತಿಂಗಳು ಪ್ರಾರ್ಥನೆಯಲ್ಲಿ ಬಾಯಿ ತೆರೆಯಲಿಲ್ಲ. ನಗು ಬಂದರೆ ಅಂಗೈ ಅಡ್ಡ ಬರುತ್ತಿತ್ತು. ಈಗ ಹತ್ತನೇ ಕ್ಲಾಸು. ಕಬಡ್ಡಿ ಬಿಡಲ್ಲ ಸಾರ್ ಅಂದಿದ್ದಾಳೆ. ಪ್ರಾಕ್ಟೀಸಿಗೆ ಬಂದ ತಕ್ಷಣ ಪ್ಲೇಟು ಬಿಚ್ಚಿ ನನ್ನ ಕೈಗೆ ಕೊಟ್ಟು ಅಂಕಣಕ್ಕೆ ಇಳಿಯುತ್ತಾಳೆ. ನಾನು ಅದನ್ನು ಸ್ಟೀಲಿನ ಮುಚ್ಚಳದ ಡಬ್ಬಿಯಲ್ಲಿ ನೀರಿಗೆ ಹಾಕಿ ಇಟ್ಟುಕೊಳ್ಳುತ್ತೇನೆ. ಪಕ್ಕದಲ್ಲಿ ಇನ್ನೊಂದು ಡಬ್ಬಿ ಇದೆ, ಅದು ಖಾಲಿ. ಎದುರಿನ ಅಂಗಡಿಯವನಿಗೆ ಹೇಳಿಟ್ಟಿದ್ದೇನೆ, ಪಂದ್ಯದ ದಿನ ಫ್ರಿಜ್ಜಿನಲ್ಲಿ ಒಂದು ಪ್ಯಾಕೆಟ್ ನಮಗೆ ಅಂತ ಬಿಟ್ಟಿರಬೇಕು.

ಈ ವರ್ಷದ ಹೋಬಳಿ ಕ್ರೀಡಾಕೂಟ ಮತ್ತೆ ಆಗಸ್ಟ್‌ನಲ್ಲಿ ನಡೆಯುತ್ತದೆ. ಉಳಿದ ಬೇಡಿಕೆಗಳಿಗೆ ಸಮಯ ಹಿಡಿಯಬಹುದು. ನಲ್ಲಿಯ ಮೇಲೆ ಅಂಟಿಸುವ ಆ ಹಾಳೆ ಅಷ್ಟರೊಳಗೆ ಎಲ್ಲ ಶಾಲೆಗಳಿಗೂ ತಲುಪುವಂತೆ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರೌಢಶಾಲೆಯ ಒಬ್ಬ ಪಿಟಿ ಮೇಷ್ಟ್ರು